ಎರ್ಮೂಪೊಲಿಯ ನಕಾಶೆ ತಿದ್ದಿದವರು

ಕಳೆದ ತಿಂಗಳು ಅವರು ಗದಗಿನಲ್ಲಿ ತೀರಿಕೊಂಡ ಸುದ್ದಿ ನಮ್ಮ ಸಿಂಗಾಪುರದ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಬ್ಯೂನಾ ವಿಸ್ಟಾ ಸ್ಟೇಷನ್ನಿನ ಎಸ್ಕಲೇಟರಿನ ಮೇಲಿದ್ದೆ. ಕೆಳಗೆ ಇಳಿಯುವಷ್ಟರಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ನಡುವೆ ಯಾರೋ ಬರೆದಿದ್ದರು: “ಕಣ್ಣು ಹೋದ್ಮೇಲೂ ಅವರನ್ನ ಗ್ರೀಸ್‌ಗೆ ಕರ್ಕೊಂಡ್ ಹೋಗಿ ಕೊನೇ ಆಸೆ ಪೂರೈಸಿದ ನಮ್ಮ ಮೇಡಂಗೆ ಹ್ಯಾಟ್ಸ್ ಆಫ್!” ಅದರ ಕೆಳಗೆ ಒಂದು ರಾಶಿ ಹೃದಯಗಳು. ಆ ಮೇಡಂ ನಾನೇ. ಆ ಪ್ರವಾಸದಲ್ಲಿ ನಾನು ಅವರಿಗೆ ಏನು ಮಾಡಿದೆ ಎಂಬುದು ಗೊತ್ತಿದ್ದವರು ಇಬ್ಬರೇ. ಈಗ ನಾನೊಬ್ಬಳೇ ಉಳಿದಿದ್ದೇನೆ. ಫೋನನ್ನು ಬ್ಯಾಗಿಗೆ ಹಾಕಿಕೊಂಡು ಆಫೀಸಿಗೆ ನಡೆದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ತಿದ್ದಿದ ಅಷ್ಟೂ ನಕಾಶೆಗಳಲ್ಲಿ ಎಲ್ಲಿಯೂ ಅವರ ಹೆಸರಿರಲಿಲ್ಲ; ಇಲ್ಲಿಯೂ ಬೇಡ.

ನಮ್ಮದು ಹಡಗುಗಳ ಉಸ್ತುವಾರಿ ನೋಡಿಕೊಳ್ಳುವ ಕಂಪನಿ. ನಾನು ಸಾಫ್ಟ್‌ವೇರ್ ಕಡೆಯವಳು, ಮೈಸೂರಿನಿಂದ ಬಂದವಳು. ಕಾರಿಡಾರಿನ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಗೋಡೆಯುದ್ದಕ್ಕೂ ಚಪ್ಪಟೆ ಡ್ರಾಯರುಗಳ ಬೀರುಗಳು, ನಡುವೆ ಅಗಲವಾದ ಮೇಜು, ಅದರ ಮೇಲೆ ಬಾಗಿದ ಒಂದು ಬೆನ್ನು. ಬೆಳಿಗ್ಗೆ ಹಣೆಯಲ್ಲಿ ಮೂರು ಗೆರೆ ವಿಭೂತಿ. ಮಧ್ಯಾಹ್ನದ ಹೊತ್ತಿಗೆ, ಯೋಚಿಸುವಾಗ ಹಣೆ ಉಜ್ಜುವ ಅಭ್ಯಾಸದಿಂದಾಗಿ, ಒಂದೂವರೆ ಗೆರೆ. ಅಂಗಿಯೊಳಗೆ ಎಡಮಗ್ಗುಲಿಗೆ ಲಿಂಗದ ಕರಡಿಗೆ ಉಬ್ಬಿಕೊಂಡಿರುತ್ತಿತ್ತು. ಹೊಸದಾಗಿ ಸೇರಿದವರು ಅದನ್ನು ಏನೋ ಹೃದಯದ ಮೆಷೀನು ಅಂದುಕೊಂಡು ಅವರಿಗೆ ಲಿಫ್ಟಿನಲ್ಲಿ ಜಾಗ ಬಿಡುತ್ತಿದ್ದರು. ಅವರೂ ಆ ಮರ್ಯಾದೆಯನ್ನು ಬೇಡ ಅನ್ನುತ್ತಿರಲಿಲ್ಲ.

ಸಮುದ್ರದ ನಕಾಶೆ ಒಮ್ಮೆ ಅಚ್ಚಾದರೆ ಮುಗಿಯಿತು ಎಂದು ತಿಳಿದಿದ್ದೆ. ಹಾಗಲ್ಲ. ಬಂದರಿನಲ್ಲಿ ಹೂಳು ತುಂಬುತ್ತದೆ, ಹೊಸ ಕಟ್ಟೆ ಏಳುತ್ತದೆ, ದೀಪ ಬದಲಾಗುತ್ತದೆ, ಮುಳುಗಿದ ಹಡಗು ದಾರಿಗೆ ಅಡ್ಡ ಬಿದ್ದಿರುತ್ತದೆ. ಇದೆಲ್ಲ ವಾರಕ್ಕೊಮ್ಮೆ ನಾವಿಕರಿಗೆ ನೋಟೀಸಾಗಿ ಬರುತ್ತದೆ. ಅದನ್ನು ಓದಿ ಕಾಗದದ ನಕಾಶೆಯ ಮೇಲೆ ಕೈಯಿಂದ ತಿದ್ದಬೇಕು. ಇದೇ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸ. ಖಾಯಂ ಬದಲಾವಣೆಗೆ ಕಡುಗುಲಾಬಿ ಶಾಯಿ, ತಾತ್ಕಾಲಿಕಕ್ಕೆ ಪೆನ್ಸಿಲ್. ತಿದ್ದಿ ಮುಗಿಸಿದ ಮೇಲೆ, ಮುಗಿಸಿದ ಮೇಲೆಯೇ, ಎಡಗಡೆ ಕೆಳಮೂಲೆಯಲ್ಲಿ ಆ ನೋಟೀಸಿನ ನಂಬರು ಬರೆಯಬೇಕು. ಪ್ರತಿ ನೋಟೀಸಿನಲ್ಲೂ ಆ ನಕಾಶೆಯ ಹಿಂದಿನ ತಿದ್ದುಪಡಿ ಯಾವುದು ಎಂಬ ನಂಬರು ಇರುತ್ತದೆ. ಅದು ನಮ್ಮ ಮೂಲೆಯಲ್ಲಿರುವ ಕೊನೆಯ ನಂಬರಿಗೆ ಹೊಂದದಿದ್ದರೆ ನಡುವಿನದೊಂದು ನಮ್ಮ ಕೈತಪ್ಪಿದೆ ಎಂದು ಅರ್ಥ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಅವರು ಜೋರಾಗಿ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು: “ಹಿಂದಿನ ನಂಬರು?” ಕೋಣೆಯಲ್ಲಿ ಇನ್ಯಾರೂ ಇಲ್ಲದಿದ್ದರೂ ಉತ್ತರವನ್ನೂ ಅವರೇ ಹೇಳುತ್ತಿದ್ದರು.

ಅಳಿಸುವುದು ಅವರ ಕೋಣೆಯಲ್ಲಿ ನಿಷಿದ್ಧ. ತಪ್ಪಾದ ಅಂಕಿಯ ಮೇಲೆ ಒಂದು ತೆಳು ಗೀಟು, ಪಕ್ಕದಲ್ಲಿ ಹೊಸದು. ಹಳೆಯದು ಕೆಳಗೆ ಓದುವಂತಿರಬೇಕು. ನಮ್ಮ ತಂಡ ಕಾಗದದ ಬದಲು ಸ್ಕ್ರೀನಿನ ನಕಾಶೆ ತಂದು ಮೊದಲ ಸಲ ಡೆಮೊ ಕೊಟ್ಟ ದಿನ ಅವರೂ ಬಂದು ಹಿಂದೆ ಕುಳಿತರು. ನಾನು ಒಂದು ಬಟನ್ ಒತ್ತಿ ಹಳೆಯ ದೀಪವನ್ನು ಮಾಯ ಮಾಡಿ ಹೊಸದನ್ನು ತಂದೆ. ಎಲ್ಲರೂ ತಲೆಯಾಡಿಸಿದರು. ಅವರು ಕೈಯೆತ್ತಿದರು.

“ಮೊದಲು ಅಲ್ಲಿ ಏನಿತ್ತು ಅನ್ನೋದು ಈಗ ಎಲ್ಲಿ ಹೋಯ್ತು ಮೇಡಂ?”

“ಲಾಗ್‌ನಲ್ಲಿ ಇರುತ್ತೆ ಸರ್, ಬ್ಯಾಕೆಂಡ್‌ನಲ್ಲಿ,” ಅಂದೆ.

“ಹಡಗು ನಡೆಸೋನು ಬ್ಯಾಕೆಂಡ್‌ನಲ್ಲಿ ಇರೋದಿಲ್ಲವಲ್ಲ,” ಎಂದರು, ಜಗಳದ ದನಿಯಲ್ಲಿ ಅಲ್ಲ. ನಾನು ನಕ್ಕು ಮುಂದಿನ ಸ್ಲೈಡಿಗೆ ಹೋದೆ. ಆ ವರ್ಷವೇ ಅವರ ಕೋಣೆ ಖಾಲಿಯಾಯಿತು. ಹೊಸ ನಕಾಶೆಗಳನ್ನು ಹಳೆಯದರ ಜೊತೆ ಹೋಲಿಸಿ ನೋಡಲು ಅವರನ್ನು ನನ್ನ ತಂಡಕ್ಕೇ ಹಾಕಿದರು. ತನ್ನ ಕೆಲಸ ಕಿತ್ತುಕೊಳ್ಳುವ ಯಂತ್ರಕ್ಕೆ ತಾನೇ ಪಾಠ ಹೇಳಿಕೊಡುವ ಕೆಲಸ ಅದು. ಅದನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಮಾಡಿದರು. ನಾನಾಗಿದ್ದರೆ ಬೇಕಂತಲೇ ಒಂದೆರಡು ತಪ್ಪು ಬಿಡುತ್ತಿದ್ದೆ.

ಆಫೀಸಿನಲ್ಲಿ ಅವರು ಆಡುತ್ತಿದ್ದದ್ದು ನಮ್ಮೆಲ್ಲರ ಬೆಂಗಳೂರು ಕನ್ನಡ. ಸಂತೋಷವಾದಾಗ, ಸಿಟ್ಟು ಬಂದಾಗ ಗದಗು ಹೊರಬರುತ್ತಿತ್ತು. ಇಷ್ಟು ಬಂದರು ಬಲ್ಲವರು ಸಮುದ್ರದ ಮೇಲೆ ಹೋದವರೇ ಅಲ್ಲ ಎಂಬುದು ನಮಗೆಲ್ಲ ದೊಡ್ಡ ತಮಾಷೆ. ಒಮ್ಮೆ ಕನ್ನಡದವರೆಲ್ಲ ಪಕ್ಕದ ದ್ವೀಪಕ್ಕೆ ಪಿಕ್ನಿಕ್ ಹೊರಟಾಗ, ದೋಣಿಯ ಹಗ್ಗ ಬಿಚ್ಚುವ ಮೊದಲೇ ಅವರು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು. ಯಾರಾದರೂ ಮನೆಗೆ ದಾರಿ ಕೇಳಿದರೆ ಮಾತ್ರ ಬಾಯಲ್ಲಿ ಹೇಳುತ್ತಿರಲಿಲ್ಲ. ಕ್ಲೆಮೆಂಟಿ ಸ್ಟೇಷನ್ನಿನಿಂದ ತಮ್ಮ ಬ್ಲಾಕಿನವರೆಗೆ ನಕಾಶೆ ಬರೆದು, ಉತ್ತರ ದಿಕ್ಕು ಹಾಕಿ, ಹೆಜ್ಜೆಗಳ ಅಳತೆ ಕೊಟ್ಟು, ಕಡಿದುಹಾಕಿದ ಮರದ ಮೇಲೊಂದು ಗೀಟೆಳೆದು ಕೊಡುತ್ತಿದ್ದರು.

ಆ ಬ್ಲಾಕಿನ ಏಳನೆಯ ಮಹಡಿಯಲ್ಲಿ ಒಬ್ಬ ಚೀನೀ ಆಂಟಿಯ ಮನೆಯಲ್ಲಿ ಅವರಿಗೆ ಒಂದು ಬಾಡಿಗೆ ರೂಮು. ಮದುವೆಯಾಗಿರಲಿಲ್ಲ. ಆಂಟಿಗೆ ಇವರು ಅಂಕಲ್, ಇವರಿಗೆ ಅವರು ಆಂಟಿ. ಅಡಿಗೆಮನೆಯಲ್ಲಿ ಇವರದೇ ಒಂದು ಬಾಣಲೆ. ಅದನ್ನು ಆಂಟಿ ತನ್ನ ಮಗನಿಗೂ ಮುಟ್ಟಗೊಡುತ್ತಿರಲಿಲ್ಲ. ಊರಿನಿಂದ ಅಕ್ಕ ಕಳಿಸುವ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂದಾಗ ಆಂಟಿ ಚಟ್ನಿಪುಡಿಯನ್ನು ಗಂಜಿಯ ಮೇಲೆ ಉದುರಿಸಿಕೊಂಡು ತಿನ್ನುತ್ತಿತ್ತು. ನಾನು ಬೆಳಿಗ್ಗೆ ಹೋದರೆ ಬಾಗಿಲಲ್ಲೇ ತಡೆದು, “ಅಂಕಲ್ ಪ್ರೇಯಿಂಗ್ ಲಾ, ಯು ಸಿಟ್,” ಎಂದು ಪಿಸುಗುಟ್ಟಿ ಟೀವಿಯ ದನಿ ಇಳಿಸುತ್ತಿತ್ತು. ಒಳಗೆ ಅವರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿರುತ್ತಿದ್ದರು.

ಕಾಗದದ ಕೋಣೆ ಮುಚ್ಚಿದಾಗ ಅವರು ಆಫೀಸಿನಿಂದ ಕೇಳಿ ಪಡೆದದ್ದು ಒಂದೇ ಒಂದು ಹಾಳೆ. ಗ್ರೀಸ್ ದೇಶದ ಸೀರೊಸ್ ಎಂಬ ದ್ವೀಪದ ಎರ್ಮೂಪೊಲಿ ಬಂದರಿನ ನಕಾಶೆ. ಸಿಂಗಾಪುರಕ್ಕೆ ಬಂದ ಹೊಸತರಲ್ಲಿ ಅವರು ಮೊಟ್ಟಮೊದಲು ತಿದ್ದಿದ್ದು ಅದನ್ನಂತೆ. ಆಗ ಆಫೀಸಿನಲ್ಲಿದ್ದ ಒಬ್ಬ ಮುದುಕ ಗ್ರೀಕ್ ಕ್ಯಾಪ್ಟನ್ನು ಹೆಗಲ ಮೇಲಿಂದ ಬಗ್ಗಿ, ಇದು ನನ್ನ ಅಜ್ಜಿಯ ಊರು, ಸರಿಯಾಗಿ ಬರಿ ಎಂದಿದ್ದನಂತೆ. ಇನ್ನೂರು ವರ್ಷದ ಹಿಂದಿನ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬೇರೆ ಬೇರೆ ದ್ವೀಪಗಳಿಂದ ಓಡಿಬಂದವರು ಬರಿಗೈಯಲ್ಲಿ ಕಟ್ಟಿದ ಊರು ಅದು. ಒಂದು ಕಾಲಕ್ಕೆ ಇಡೀ ಗ್ರೀಸಿಗೇ ದೊಡ್ಡ ಬಂದರಾಗಿತ್ತು. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ಹೇಳುವಾಗ ಮುಖದಲ್ಲಿ ಒಂದು ಬಗೆಯ ಹೆಮ್ಮೆ, ಅಲ್ಲಿ ಅವರದೂ ಒಂದು ಸೈಟಿದೆಯೇನೋ ಅನ್ನುವ ಹಾಗೆ.

“ಮ್ಯಾಲಿನ ಗುಡ್ಡದವರು ಮೊದಲಿಂದ ಇದ್ದವರು, ಕೆಳಗ ಬಂದರದಾಗ ಇದ್ದವರೆಲ್ಲ ಬಂದವರು. ಬಂದವರ ಊರು ಕಟ್ಟಿದರು. ಅದನ್ನೊಮ್ಮಿ ನೋಡಬೇಕು.”

“ಹೋಗಿ ಬನ್ನಿ ಸರ್, ಏನು ಮಹಾ, ಬುಕ್ ಮಾಡಿದ್ರೆ ಆಯ್ತು,” ಅನ್ನುತ್ತಿದ್ದೆ.

“ಪಾಸ್ ರಿನ್ಯೂ ಆಗ್ಲಿ,” ಅನ್ನುತ್ತಿದ್ದರು. ಸಿಂಗಾಪುರದಲ್ಲಿರಲು ಬೇಕಾದ ಅವರ ಕೆಲಸದ ಪಾಸು ಎರಡು ಮೂರು ವರ್ಷಕ್ಕೊಮ್ಮೆ ರಿನ್ಯೂ ಆಗುತ್ತಿತ್ತು. ಅದು ಕೈಗೆ ಬಂದ ಮೇಲೆ ಮುಂದಿನದರ ಚಿಂತೆ. ಹೀಗೆ ಅರವತ್ತು ದಾಟಿದರು.

ಆಮೇಲೆ ಕಣ್ಣು. ಕಣ್ಣಿನ ಪರದೆಯ ನಟ್ಟನಡುವಿನ ಭಾಗ ಸವೆದುಹೋಗುವ ಕಾಯಿಲೆ. ಮೊದಲು ಸಣ್ಣ ಅಂಕಿಗಳು ಹೋದವು, ಆಮೇಲೆ ಅಕ್ಷರ, ಆಮೇಲೆ ಮನುಷ್ಯರ ಮುಖ. ನೇರ ನೋಡಿದರೆ ನಡುವೆ ಮಸಿ ಮೆತ್ತಿದ ಹಾಗೆ, ಸುತ್ತಲ ಅಂಚಿನಲ್ಲಿ ಮಾತ್ರ ಏನೋ ಅಲ್ಪಸ್ವಲ್ಪ. ನಮ್ಮ ಜೊತೆ ಮಾತಾಡುವಾಗ ನಮ್ಮನ್ನು ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಹಾಗೆ ಮಾಡಿದರೆ ನಾವು ಅಂಚಿಗೆ ಬಂದು ಸ್ವಲ್ಪ ಕಾಣುತ್ತಿದ್ದೆವು. “ಕೋಳಿ ಕಾಳ ನೋಡಿದಂಗ ನೋಡತೇನಿ,” ಎಂದು ಅವರೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಪಾಸು ಇನ್ನೊಂದು ಸಲ ರಿನ್ಯೂ ಆಗುವುದಿಲ್ಲ, ಸೆಪ್ಟೆಂಬರಿಗೆ ಕೊನೆ ಎಂದು ಖಚಿತವಾಯಿತು.

ಒಂದು ದಿನ ಪ್ಯಾಂಟ್ರಿಯಲ್ಲಿ, ಯಾರೂ ಇಲ್ಲದಾಗ, ಕೇಳಿದರು: “ಶನಿವಾರ ಒಂದು ತಾಸು ಬಿಡುವು ಆಗ್ತದೇನು ಮೇಡಂ? ನೋಟೀಸು ಓದಿ ಹೇಳೋರು ಬೇಕಾಗಿತ್ತು. ಊರಿಗೆ ಹೋಗೋ ಮುಂಚೆ ಎರ್ಮೂಪೊಲಿಗೆ ಒಮ್ಮೆ ಹೋಗಿ ಬರ್ತೀನಿ. ಕಣ್ಣಿಗೆ ಕಾಣೋದಿಲ್ಲ, ನಕಾಶೆಯಾದರೂ ಸರಿ ಇರಬೇಕಲ್ಲ. ಅದರ ಮೇಲೇ ನಾನು ನೋಡೋದು.”

ಆ ಮಾತು ನನಗೆ ಪೂರ್ತಿ ಅರ್ಥವಾಯಿತು. ಇನ್ನು ಅವರು ಆ ಊರನ್ನು ನೋಡುವುದಿದ್ದರೆ ತಲೆಯೊಳಗಿನ ನಕಾಶೆಯಿಂದಲೇ. ಆ ನಕಾಶೆಗೆ ಕಣ್ಣು ನಾನು. ಆಗಲಿ ಸರ್, ನಾನೇ ಬರುತ್ತೇನೆ, ಗ್ರೀಸಿಗೂ ಬರುತ್ತೇನೆ ಎಂದು ಒಂದೇ ಉಸಿರಿಗೆ ಒಪ್ಪಿಕೊಂಡೆ. ದೊಡ್ಡ ಮಾತು ಆಡುವಾಗ ನನಗೆ ಯಾವತ್ತೂ ಕಷ್ಟವಾಗಿಲ್ಲ.

ನನ್ನ ಮನೆ ಸೆಂಗ್‌ಕಾಂಗ್‌ನಲ್ಲಿ, ಅವರದು ಕ್ಲೆಮೆಂಟಿಯಲ್ಲಿ. ದ್ವೀಪದ ಈ ತುದಿಯಿಂದ ಆ ತುದಿ. ಶನಿವಾರ ಬೆಳಿಗ್ಗೆ ಎಲ್‌ಆರ್‌ಟಿ ರೈಲು ಹಿಡಿದು, ಎಂಆರ್‌ಟಿಗೆ ಬದಲಿಸಿ ಹೋಗುತ್ತಿದ್ದೆ. ಆಂಟಿ ಬಾರ್ಲಿ ನೀರು ಕೊಡುತ್ತಿತ್ತು. ಮಂಚದ ಮೇಲೆ ನಕಾಶೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಡುತ್ತಿದ್ದರು. ನಮಗೆ ಬೇಕಾದ ಹಾಳೆ ಒಂದೇ. ವರ್ಷಕ್ಕೆ ಎರಡೋ ಮೂರೋ ಬದಲಾವಣೆ ಬಂದರೆ ಹೆಚ್ಚು. ಆದರೂ ಆ ಸಮುದ್ರದ ಅಷ್ಟೂ ಬಂದರುಗಳ ಸುದ್ದಿಯನ್ನು ಓದಿಸುತ್ತಿದ್ದರು, ನೆಂಟರ ಪತ್ರ ಓದಿಸಿಕೊಂಡ ಹಾಗೆ. ನಾಲ್ಕನೆಯ ವಾರದ ಹೊತ್ತಿಗೆ ಮೇಡಂ ಹೋಗಿ ತಂಗಿ ಆದೆ, ಬಹುವಚನ ಹೋಗಿ ಏಕವಚನ ಬಂತು.

“ಓದ ತಂಗಿ, ಅವಸರ ಮಾಡಬ್ಯಾಡ. ಒಂದೊಂದ ಅಂಕಿ ಬಿಡಿಸಿ ಓದ.”

ಏನಾದರೂ ತಿದ್ದುವುದು ಬಂದರೆ ಪೆನ್ನು ನನ್ನ ಕೈಗೆ ಕೊಟ್ಟು, ನನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದುಕೊಂಡಿರುತ್ತಿದ್ದರು. ಮೈಸೂರಿನಲ್ಲಿ ನಮ್ಮಪ್ಪ ಹೀಗೆ ಹಿಡಿದು ಅಕ್ಷರ ತಿದ್ದಿಸಿದ್ದು ಬಿಟ್ಟರೆ ಇನ್ಯಾರೂ ನನ್ನ ಕೈ ಹಿಡಿದು ಬರೆಸಿಲ್ಲ. ಒಂದು ಸಲ ಗೆರೆ ಸ್ವಲ್ಪ ಸೊಟ್ಟಗಾಗಿ, ಯಾರಿಗೆ ಗೊತ್ತಾಗುತ್ತದೆ ಬಿಡಿ ಸರ್ ಎಂದೆ. “ಕಾಗದಕ್ಕ ತಾನಾಗಿ ಸುಳ್ಳ ಹೇಳಾಕ ಬರಂಗಿಲ್ಲ ತಂಗಿ. ಬರದಾವರು ಹೇಳಿಸಿದ್ರ ಅಷ್ಟ,” ಎಂದರು. ನಾನು ಗೆರೆಯನ್ನು ಇನ್ನೊಮ್ಮೆ ಎಳೆದೆ.

ಜೂನ್ ತಿಂಗಳಲ್ಲಿ ಮಗಳಿಗೆ ಶಾಲೆ ರಜೆ, ನನಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸು. ಎರಡು ಶನಿವಾರ ಹೋಗಲಾಗಲಿಲ್ಲ. “ಅಮ್ಮಾ, ಎವ್ರಿ ವೀಕ್ ಆ ಅಂಕಲ್ ಮನೆಗೇ ಹೋಗ್ತೀಯ ಲಾ,” ಎಂದು ಮಗಳು ಮುಖ ಊದಿಸಿಕೊಂಡಿದ್ದಳು. ಹೋಗದೆ ಇದ್ದದ್ದು ತಪ್ಪಲ್ಲ. ಆಗಲ್ಲ ಎಂದು ಹೇಳಿದ್ದರೆ ಅವರು ಸರಿ ಅನ್ನುತ್ತಿದ್ದರು. ನಾನು ಫೋನು ಮಾಡಿ, “ಚೆಕ್ ಮಾಡಿದೆ ಸರ್, ಈ ವಾರ ನಮ್ಮ ನಕಾಶೆಗೆ ಏನೂ ಇಲ್ಲ,” ಎಂದೆ. ಮುಂದಿನ ವಾರವೂ ಅದೇ ಹೇಳಿದೆ. ಆ ಎರಡು ವಾರದ ನೋಟೀಸನ್ನು ನಾನು ತೆರೆದೇ ಇರಲಿಲ್ಲ.

ಆಗಸ್ಟಿನಲ್ಲಿ ನಮ್ಮ ಹಾಳೆಗೆ ಒಂದು ಬದಲಾವಣೆ ಬಂತು, ಬಂದರಿನ ಬಾಯಲ್ಲಿ ತೇಲುವ ಒಂದು ಗುರುತು ಜಾಗ ಬದಲಿಸಿತ್ತು. ಓದಿದೆ. ಅವರು ಕೇಳಿದರು: “ಹಿಂದಿನ ನಂಬರು?”

ನೋಟೀಸು ನೋಡಿದೆ. ಮಂಚದ ಮೇಲಿನ ಹಾಳೆಯ ಮೂಲೆ ನೋಡಿದೆ. ಎರಡೂ ಬೇರೆ. ಆ ಎರಡು ವಾರದಲ್ಲಿ ಏನೋ ಒಂದು ಬಂದಿತ್ತು, ನಾನು ಬಿಟ್ಟಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ ಕಾಯುತ್ತಿದ್ದರು. ನಾನು ಹಾಳೆಯ ಮೂಲೆಯಲ್ಲಿದ್ದ ನಂಬರನ್ನೇ ಗಟ್ಟಿಯಾಗಿ ಓದಿದೆ.

“ಹೊಂದತೈತಿಲ್ಲೋ?”

“ಹೊಂದುತ್ತೆ ಸರ್.”

“ಹಾಕ ಹಂಗಾರ.”

ಹಾಕಿದೆ. ಮನೆಗೆ ಹೋಗಿ ಹುಡುಕಿ, ಮುಂದಿನ ವಾರ ಹೀಗಾಗಿತ್ತು ಸರ್ ಎಂದು ಒಪ್ಪಿಕೊಳ್ಳಬಹುದಿತ್ತು. ಸೋಮವಾರ ನೋಡೋಣ ಎಂದುಕೊಂಡೆ. ಸೋಮವಾರ ಆಮೇಲೆ ಎಂದುಕೊಂಡೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಹುಡುಕಿದರೆ ಹೇಳಬೇಕಾಗುತ್ತದೆ ಎಂದು ಹುಡುಕಲೇ ಇಲ್ಲ. ಇದಕ್ಕೆ ಬೇರೆ ಕಾರಣವಿಲ್ಲ. ಸೋಮಾರಿತನ, ಅದರ ಮೇಲೆ ಅಂಜುಬುರುಕತನ.

ಸೆಪ್ಟೆಂಬರಿನಲ್ಲಿ ಹೊರಟೆವು. ಚಾಂಗಿ ವಿಮಾನ ನಿಲ್ದಾಣದಲ್ಲಿ ಬೆಳ್ಳಿಯ ಕರಡಿಗೆಗೆ ಮೆಷೀನು ಕೂಗಿಕೊಂಡಿತು. ಟ್ರೇಯಲ್ಲಿ ಇಡಿ ಎಂದರೆ ಇವರು ಒಲ್ಲೆ ಎಂದರು. ಕೊನೆಗೆ ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕಾವಲಿನ ಹೆಂಗಸು ಏನು ತಿಳಿದುಕೊಂಡಿತೋ, ತಲೆಬಾಗಿ ಹೋಗಿ ಎಂದಿತು. ಅಥೆನ್ಸಿನ ಬಂದರಿನಿಂದ ದೊಡ್ಡ ಫೆರಿ. ದಾರಿಯುದ್ದಕ್ಕೂ ಗಾಳಿ, ದಾರಿಯುದ್ದಕ್ಕೂ ಇವರಿಗೆ ವಾಂತಿ. ದ್ವೀಪ ಹತ್ತಿರವಾದಾಗ ಎದ್ದು ಕಟಕಟೆ ಹಿಡಿದು ನಿಂತರು.

“ಎರಡು ಗುಡ್ಡ ಕಾಣತಾವೇನು ತಂಗಿ? ಎಡಕ್ಕಿನದು ಎತ್ತರ, ತುದೀಗೆ ಒಂದು ಚರ್ಚು?”

“ಕಾಣ್ತಿದೆ ಸರ್. ಎರಡರ ಮೇಲೂ ಇದೆ. ಮನೆಗಳು ಕೆಳಗಿನಿಂದ ಮೇಲಿನತನಕ ಮೆಟ್ಟಿಲಿನ ಹಾಗೆ ಇವೆ. ಬಿಳಿ, ಹಳದಿ, ತಿಳಿಗೆಂಪು.”

“ಬಣ್ಣ ನಕಾಶೆದಾಗ ಇರಲಿಲ್ಲ ನೋಡ,” ಎಂದು ಕಣ್ಣೊರೆಸಿಕೊಂಡರು.

ಎರಡು ದಿನ ಆ ಊರನ್ನು ನನಗೆ ಅವರೇ ತೋರಿಸಿದರು. ನನ್ನ ಭುಜದ ಮೇಲೆ ಎಡಗೈ, ಬಲಗೈಯಲ್ಲಿ ಕೋಲು. ಕಟ್ಟೆಯುದ್ದಕ್ಕೂ ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟಗಳನ್ನು ಮುಟ್ಟಿ ಮುಟ್ಟಿ ನಡೆದರು. ಇಲ್ಲಿ ಬಲಕ್ಕೆ ತಿರುಗಿದರೆ ಪುರಭವನದ ಚೌಕ ಅನ್ನುತ್ತಿದ್ದರು, ತಿರುಗಿದರೆ ಅಮೃತಶಿಲೆ ಹಾಸಿದ ದೊಡ್ಡ ಚೌಕ, ಅದರ ಎದುರು ಅರಮನೆಯಂಥ ಪುರಭವನ. ಹಿಂದಿನ ಕ್ಯಾಪ್ಟನ್ನುಗಳ ಮನೆಗಳು ನೇರ ನೀರಿನ ಮೇಲೆಯೇ ನಿಂತ ಹಾಗಿದ್ದವು; ಹಲವಕ್ಕೆ ಬೀಗ, ಕಿಟಕಿಯ ಮರ ಬಿಸಿಲಿಗೆ ಸೀಳಿತ್ತು. ಓಣಿಗಳಲ್ಲಿ ಬಾಗಿಲು ಮುಚ್ಚಿದ ಹಳೆಯ ಗೋದಾಮುಗಳು. ಅದನ್ನೂ ಹೇಳಿದೆ. “ತಾನು ದೊಡ್ಡ ಬಂದರಾಗಿತ್ತು ಅನ್ನೂದು ಊರಿಗೆ ಮರ್ತಂಗೈತಿ,” ಎಂದರು. ಗುಲಾಬಿ ಪರಿಮಳದ ಒಂದು ಮೆತ್ತನೆಯ ಮಿಠಾಯಿ ಅಲ್ಲಿಯ ವಿಶೇಷ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದು ನಮ್ಮ ಬಾಂಬೆ ಹಲ್ವಾದ ತಮ್ಮ ಎಂದರು. ಅಕ್ಕನಿಗೊಂದು ಡಬ್ಬಿ, ಆಂಟಿಗೊಂದು ಡಬ್ಬಿ.

ಎರಡನೆಯ ದಿನ ಸಂಜೆ ಅಲೆ ತಡೆಯುವ ಉದ್ದನೆಯ ಕಟ್ಟೆಯ ತುದಿಯವರೆಗೆ ಹೋಗೋಣ ಎಂದರು. ತುದಿಯಲ್ಲಿ ಒಂದು ಕಬ್ಬಿಣದ ಕಂಬ, ಅದರ ಮೇಲೆ ಹಸಿರು ದೀಪ. ಊರಿನ ಹಿಂದೆ ಸೂರ್ಯ ಇಳಿದಿತ್ತು. ನಾವು ಕಂಬದ ಹತ್ತಿರ ಹೋಗಿ ನಿಂತ ಸ್ವಲ್ಪ ಹೊತ್ತಿಗೆ ದೀಪ ಹತ್ತಿ ಮಿನುಗತೊಡಗಿತು.

“ಹತ್ತಿತೇನು?”

“ಹತ್ತಿತು ಸರ್.”

“ಮೂರು ಸೆಕೆಂಡಿಗೊಮ್ಮೆ. ಇಪ್ಪತ್ತು ವರ್ಷದಿಂದ ಅದ ಐತಿ. ಎಣಸ ನೋಡೋಣ.”

ಫೋನಿನ ಸ್ಟಾಪ್‌ವಾಚ್ ತೆಗೆದೆ. ಒಂದು ಮಿನುಗಿನಿಂದ ಇನ್ನೊಂದಕ್ಕೆ ಐದು ಸೆಕೆಂಡು. ಮತ್ತೆ ನೋಡಿದೆ, ಐದೇ. ನಾನು ಓದದೆ ಬಿಟ್ಟ ನೋಟೀಸಿನಲ್ಲಿ ಏನಿತ್ತು ಎಂಬುದು ಕಣ್ಣೆದುರಿಗೇ ಬಂದು ನಿಂತಿತ್ತು. ಆಗಲಾದರೂ ಹೇಳಬಹುದಿತ್ತು. ಅವರ ಮುಖದ ಮೇಲೆ ಅಷ್ಟು ನೆಮ್ಮದಿಯಿತ್ತು, ಅದನ್ನು ಕೆಡಿಸಬಾರದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

“ಮೂರು ಸರ್,” ಎಂದೆ.

ಅವರು ಕಂಬದ ಕಡೆಯಿಂದ ಮುಖವನ್ನು ಊರಿನತ್ತ ತಿರುಗಿಸಿದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಸಂಜೆಯಲ್ಲವೇ, ಶಿವಸ್ಮರಣೆ ಮಾಡುತ್ತಿದ್ದಾರೆ ಎಂದುಕೊಂಡೆ. ತುಸು ಹೊತ್ತಾದ ಮೇಲೆ ಕೇಳಿದರು: “ಇನ್ನೊಮ್ಮೆ ಎಣಸ್ತಿ ಏನು?”

ಎಣಿಸುವ ಹಾಗೆ ಮಾಡಿ ಮತ್ತೆ ಮೂರು ಎಂದೆ.

“ಆತ್ರಿ,” ಎಂದರು. “ನಡೀರಿ ಮೇಡಂ, ಹೋಗೂಣು.”

ಆ ಮಾತಿನಲ್ಲಿ ತಂಗಿ ಹೋಗಿ ಮೇಡಂ ಬಂದದ್ದು ನನಗೆ ಹೋಟೆಲು ತಲುಪುವವರೆಗೆ ಹೊಳೆಯಲಿಲ್ಲ. ಹೊಳೆದ ಮೇಲೆ ನಿದ್ದೆ ಬರಲಿಲ್ಲ. ಮರುದಿನ ಫೆರಿಯ ಕಟ್ಟೆಯಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಜೇಬಿನಿಂದ ತಮ್ಮ ಟಿಕೆಟ್ ತೆಗೆದು, ಬೆಂಚಿನ ಮೇಲೆ ಕೂತಿದ್ದ ಗುರುತಿಲ್ಲದ ಒಬ್ಬ ಮುದುಕನ ಕಡೆ ಚಾಚಿ, ಎಷ್ಟು ಗಂಟೆಗೆ ಎಂದಿದೆ, ದಯವಿಟ್ಟು ಓದಿ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆತ ಓದಿ ಹೇಳಿದ. ಇವರು ಥ್ಯಾಂಕ್ಸ್ ಹೇಳಿ ಟಿಕೆಟ್ ಮಡಿಸಿಟ್ಟುಕೊಂಡರು. ಹಡಗಿನ ಮೆಟ್ಟಿಲು ಹತ್ತುವಾಗ ಮೊದಲಿನಂತೆಯೇ ನನ್ನ ಭುಜ ಹಿಡಿದುಕೊಂಡರು.

ಗದಗಿಗೆ ಹೋದ ಮೇಲೆ ತಿಂಗಳಿಗೊಮ್ಮೆ ನಾನು ಫೋನು ಮಾಡುತ್ತಿದ್ದೆ. ಆಂಟಿ ಹೇಗಿದೆ, ಮಗಳು ಚೆನ್ನಾಗಿ ಓದುತ್ತಾಳಾ ಎಂದು ಕೇಳುತ್ತಿದ್ದರು. ಒಂದು ದಿನವೂ ಕೆಟ್ಟ ಮಾತು ಆಡಲಿಲ್ಲ, ಒಂದು ದಿನವೂ ತಂಗಿ ಎನ್ನಲಿಲ್ಲ. ಎರಡು ವರ್ಷದ ಮೇಲೆ, ಈ ವರ್ಷದ ಆರಂಭದಲ್ಲಿ, ಒಂದು ಶನಿವಾರ ಧೈರ್ಯ ಮಾಡಿದೆ.

“ಸರ್, ಆ ಹಸಿರು ದೀಪ ಮೂರಲ್ಲ, ಐದು ಸೆಕೆಂಡು. ನಾನು ಎರಡು ವಾರ ನೋಟೀಸು ಓದಿರಲಿಲ್ಲ. ಆಮೇಲೆ ನಂಬರು ಹೊಂದಲಿಲ್ಲ, ಆದ್ರೂ ಹೊಂದುತ್ತೆ ಅಂದೆ.”

“ಐದು, ಹೌದ್ರಿ,” ಎಂದರು. “ನಾನೂ ಎಣಿಸಿದ್ದೆ. ಅಂಚಿನಾಗ ಬೆಳಕು ತಿಳೀತಿತ್ತಲ್ರಿ ನನಗ. ಒಂದು ನಮಃ ಶಿವಾಯಕ್ಕ ಒಂದು ಸೆಕೆಂಡು ಹಿಡದು ಎಣಸೂದು, ಮೊದಲಿಂದ ರೂಢಿ.”

ಅವರು ಅವತ್ತು ಮುಖ ತಿರುಗಿಸಿದ್ದು ನನ್ನಿಂದಲ್ಲ, ದೀಪ ನೋಡುವುದಕ್ಕೆ. ನನಗೆ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ್ರಿ. ದೀಪ ಬದಲಾಗೂದು ತಪ್ಪಲ್ರಿ. ಐದು ಅಂದಿದ್ರ ಒಂದು ಗೀಟು ಹೊಡದು ತಿದ್ದಕೋತಿದ್ದೆ, ಅಷ್ಟ.”

“ಸರ್, ಇನ್ಮೇಲೆ ಪ್ರತಿ ಶನಿವಾರ ಫೋನಲ್ಲೇ ಓದ್ಲಾ? ಒಂದು ವಾರಾನೂ ಬಿಡಲ್ಲ.”

“ಬ್ಯಾಡ್ರಿ ಮೇಡಂ. ಇಲ್ಲೆ ಅಕ್ಕ ಓದತಾಳ. ಪ್ರಿಂಟ್ ತರಿಸಿಕೋತೇವಿ.”

“ಅಕ್ಕನಿಗೆ ಇಂಗ್ಲಿಷ್ ಬರುತ್ತಾ?”

“ಎಲ್ಲಿ ಬರತೈತ್ರಿ. ಎ ಬಿ ಸಿ ಡಿ ಅಷ್ಟ ಗೊತ್ತು. ಒಂದೊಂದ ಅಕ್ಷರ ಹೇಳತಾಳ, ನಾನು ಕೂಡಸ್ಕೋತೇನಿ. ಒಂದು ಸಾಲಿಗೆ ಭಾಳ ಹೊತ್ತು ಹಿಡೀತೈತಿ. ಆದ್ರ ಆಕಿ ಏನೂ ಬಿಡಂಗಿಲ್ಲ.”

ಇಡತೇನ್ರಿ ಎಂದರು. ಕಟ್ ಮಾಡುವ ಗುಂಡಿ ಅವರ ಕೈಗೆ ಸಿಗಲಿಲ್ಲವೇನೋ, ಫೋನು ಹಾಗೇ ಉಳಿಯಿತು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ ನಿಧಾನಕ್ಕೆ ಎಲ್, ಐ, ಜಿ, ಎಚ್, ಟಿ ಎನ್ನುತ್ತಿತ್ತು, ನಡುನಡುವೆ ಅವರು ಹೂಂ, ಮುಂದ ಎನ್ನುತ್ತಿದ್ದರು. ನಾನು ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ಕೂತಿದ್ದೆ.